ಬೇಸಗೆಯ ನೀರಿನ ಲೆಕ್ಕ

ಬೇಸಗೆಯ ರಜೆ ಬಂದಿತೆಂದರೆ ನಮ್ಮ ಮನೆಯವರೆಲ್ಲರೂ ಅಕ್ಕನ ಊರಿಗೆ ಹೋಗಿ ಕೆಲವು ವಾರ ಇದ್ದು ಬರುವುದು ರೂಢಿ. ತಿಪಟೂರಿನ ಕಡೆಯ ಒಂದು ಸಣ್ಣ ಹಳ್ಳಿ ಅದು. ಮನೆಯ ಹಿಂದೆ ಕೈತೋಟ. ಬೇಲಿ ದಾಟಿ ಹತ್ತು ನಿಮಿಷ ನಡೆದರೆ ಊರ ಕೆರೆ. ಬೆಳಿಗ್ಗೆ ಎದ್ದು ಗಿಡಗಳ ಪಾತಿ ಬಿಡಿಸುವುದು, ಮಧ್ಯಾಹ್ನ ಹಜಾರದಲ್ಲಿ ಒರಗುವುದು, ಇಳಿಹೊತ್ತಿನಲ್ಲಿ ಮಕ್ಕಳೊಡನೆ ಕೆರೆಯ ಏರಿಯ ಮೇಲೆ ಅಡ್ಡಾಡುವುದು: ವರ್ಷವಿಡೀ ಕಪ್ಪುಹಲಗೆಯ ಮುಂದೆ ನಿಂತ ಅಧ್ಯಾಪಕನಿಗೆ ಇದಕ್ಕಿಂತ ಹಿತವಾದ ದಿನಚರಿ ಇನ್ನೊಂದಿಲ್ಲ.

ಆದರೆ ಈಚಿನ ಒಂದು ಬೇಸಗೆಯಲ್ಲಿ ಆ ಹಿತಕ್ಕೆ ಸ್ವಲ್ಪ ಭಂಗ ಬಂದಿತು. ಹಿಂದಿನ ವರ್ಷ ಮಳೆ ಸಾಲದೆ ಕೆರೆ ತುಂಬಿರಲಿಲ್ಲ. ಮನೆಯ ಕೊಳವೆ ಬಾವಿಯ ನೀರು ದಿನದಿನಕ್ಕೆ ಸಣ್ಣದಾಗುತ್ತಿತ್ತು. ಅಕ್ಕನ ಮಲ್ಲಿಗೆ ಬಳ್ಳಿಗಳು, ಬದನೆ ಮತ್ತು ಬೆಂಡೆಯ ಮಡಿಗಳು, ಕರಿಬೇವು, ಭಾವನವರು ಹಿಂದಿನ ಆಷಾಢದಲ್ಲಿ ನೆಟ್ಟಿದ್ದ ಎಂಟು ತೆಂಗಿನ ಸಸಿಗಳು, ಇಷ್ಟನ್ನೂ ಭರಣಿಯ ಮಳೆ ಬರುವವರೆಗೆ ಬದುಕಿಸಿಕೊಳ್ಳುವುದು ಹೇಗೆಂಬುದೇ ಮನೆಯವರ ಚಿಂತೆಯಾಗಿತ್ತು.

ಒಂದು ಸಂಜೆ ಏರಿಯ ಮೇಲೆ ಕುಳಿತಿದ್ದಾಗ, ಹೈಸ್ಕೂಲಿನಲ್ಲಿ ಓದುವ ಅಕ್ಕನ ಮಗಳು ಕೇಳಿದಳು: “ಮಾವ, ತೂಬು ಮುಚ್ಚಿದೆ, ಯಾರೂ ಗದ್ದೆಗೆ ನೀರು ಹಾಯಿಸುತ್ತಿಲ್ಲ. ಆದರೂ ನೀರು ಇಳಿಯುತ್ತಲೇ ಇದೆಯಲ್ಲ, ಎಲ್ಲಿಗೆ ಹೋಗುತ್ತದೆ?”

“ಆವಿಯಾಗಿ ಹೋಗುತ್ತದೆಯಮ್ಮ” ಎಂದೆನು.

“ಎಷ್ಟು ಹೋಗುತ್ತದೆ?”

ಈ ಎರಡನೆಯ ಪ್ರಶ್ನೆಗೆ ನನ್ನಲ್ಲಿ ಕೂಡಲೆ ಉತ್ತರವಿರಲಿಲ್ಲ. ಭೌತಶಾಸ್ತ್ರವನ್ನು ಬೋಧಿಸುವವನಾಗಿ ‘ಆವಿ’ ಎಂಬ ಒಂದು ಮಾತಿನಿಂದ ತಪ್ಪಿಸಿಕೊಂಡೆನೆಂದು ನಾಚಿಕೆಯೂ ಆಯಿತು. ‘ಏನು’ ಎಂಬುದಕ್ಕೆ ಹೆಸರು ಸಾಕು. ‘ಎಷ್ಟು’ ಎಂಬುದಕ್ಕೆ ಅಳತೆ ಬೇಕು. ಆ ರಜೆಯಲ್ಲಿ ನಾವು ಮಾಡಿದ ಅಳತೆಗಳನ್ನೂ ಅವುಗಳಿಂದ ತಿಳಿದುದನ್ನೂ ಇಲ್ಲಿ ಹೇಳುತ್ತೇನೆ. ಇವುಗಳಲ್ಲಿ ಯಾವುದಕ್ಕೂ ಪ್ರಯೋಗಶಾಲೆ ಬೇಡ. ವಾಚಕರು ತಮ್ಮ ಮನೆಯಲ್ಲಿಯೇ ಮಾಡಿ ನೋಡಬಹುದು.

ಪಾತ್ರೆಯಲ್ಲಿ ಕೆರೆ

ಅಗಲವಾದ, ಬದಿಗಳು ನೆಟ್ಟಗಿರುವ ಒಂದು ಪಾತ್ರೆಯನ್ನು ಅಂಗಳದ ಬಯಲಿನಲ್ಲಿ ಇಟ್ಟೆವು. ಅದರಲ್ಲಿ ನೀರು ತುಂಬಿ, ಕಾಗೆ ಗುಬ್ಬಿಗಳು ಕುಡಿಯದಂತೆ ಮೇಲೆ ತಂತಿಯ ಬಲೆಯನ್ನು ಹೊದಿಸಿದೆವು. ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ ಶಾಲೆಯ ಅಳತೆಪಟ್ಟಿಯನ್ನು ಇಳಿಬಿಟ್ಟು ನೀರಿನ ಆಳವನ್ನು ಬರೆದುಕೊಳ್ಳುವುದು ಹುಡುಗಿಯ ಕೆಲಸ. ಒಂದು ವಾರದ ಲೆಕ್ಕ ತೆಗೆದಾಗ ದಿನಕ್ಕೆ ಸರಾಸರಿ ೭ ಮಿಲಿಮೀಟರಿನಷ್ಟು ನೀರು ಹೋಗಿತ್ತು.

ಹವಾಮಾನ ಕೇಂದ್ರಗಳಲ್ಲಿಯೂ ಮಾಡುವುದು ಇದನ್ನೇ. ಅಲ್ಲಿನ ಪಾತ್ರೆಗೆ ಗೊತ್ತಾದ ಅಳತೆಯುಂಟು: ವ್ಯಾಸ ಸುಮಾರು ೧೨೧ ಸೆಂಟಿಮೀಟರು, ಆಳ ಸುಮಾರು ೨೫ ಸೆಂಟಿಮೀಟರು. ಆದರೆ ಪಾತ್ರೆಯ ನೀರಿಗೂ ಕೆರೆಯ ನೀರಿಗೂ ಒಂದು ವ್ಯತ್ಯಾಸವಿದೆ. ಪಾತ್ರೆಯ ಲೋಹದ ಬದಿಗಳು ಬಿಸಿಲಿಗೆ ಕಾದು ಒಳಗಿನ ನೀರನ್ನೂ ಕಾಯಿಸುತ್ತವೆ. ಸುತ್ತಲಿನ ಒಣಗಾಳಿಯೂ ನೇರವಾಗಿ ಅದರ ಮೇಲೆ ಹಾಯುತ್ತದೆ. ಆದುದರಿಂದ ಪಾತ್ರೆಯಿಂದ ಹೋದುದರ ಹತ್ತರಲ್ಲಿ ಏಳು ಪಾಲು ಮಾತ್ರ ಕೆರೆಯಿಂದ ಹೋಗುತ್ತದೆಂದು ಎಣಿಸುವುದು ವಾಡಿಕೆ. ಹಾಗೆ ಎಣಿಸಿದರೆ ನಮ್ಮ ಕೆರೆಯಿಂದ ದಿನಕ್ಕೆ ಹೋಗುವುದು ಸುಮಾರು ೫ ಮಿಲಿಮೀಟರು.

“ಅಷ್ಟೇನೆ?” ಎಂದನು ಹುಡುಗಿಯ ತಮ್ಮ. ಅವನಿಗೆ ಹತ್ತು ವರ್ಷ. ಐದು ಮಿಲಿಮೀಟರೆಂದರೆ ಕಿರುಬೆರಳಿನ ಅಗಲವೂ ಅಲ್ಲ. ಆದರೆ ಇಲ್ಲಿ ನೆನಪಿಡಬೇಕಾದ ಒಂದು ಸುಲಭವಾದ ಸೂತ್ರವಿದೆ: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ನೀರು ಎಂದರೆ ಸರಿಯಾಗಿ ಒಂದು ಲೀಟರು. ಒಂದು ಹೆಕ್ಟೇರೆಂದರೆ ೧೦,೦೦೦ ಚದರ ಮೀಟರು. ಆದುದರಿಂದ ೫ ಮಿಲಿಮೀಟರು ಇಳಿದರೆ ಹೆಕ್ಟೇರಿಗೆ ೫೦,೦೦೦ ಲೀಟರು ಹೋದಂತಾಯಿತು. ನಮ್ಮ ಕೆರೆಯಲ್ಲಿ ಆಗ ನೀರು ನಿಂತಿದ್ದುದು ಸುಮಾರು ನೂರು ಎಕರೆ, ಎಂದರೆ ೪೦ ಹೆಕ್ಟೇರಿನಷ್ಟು. ಹಾಗಾದರೆ ದಿನವೊಂದಕ್ಕೆ ೨೦ ಲಕ್ಷ ಲೀಟರು! ಐದು ಸಾವಿರ ಲೀಟರು ಹಿಡಿಯುವ ಟ್ಯಾಂಕರುಗಳಲ್ಲಿ ಸಾಗಿಸುವುದಾದರೆ ದಿನಕ್ಕೆ ನಾನೂರು ಟ್ಯಾಂಕರುಗಳು ಬೇಕು. ಅಷ್ಟು ನೀರು ಸದ್ದಿಲ್ಲದೆ, ಕಾಲುವೆಯಿಲ್ಲದೆ, ಯಾರ ಕಣ್ಣಿಗೂ ಬೀಳದೆ ಮೇಲಕ್ಕೆ ಹೋಗುತ್ತಿತ್ತು. ಮೂರು ತಿಂಗಳು ಹೀಗೆಯೇ ನಡೆದರೆ ಕೆರೆಯ ಮಟ್ಟ ಇದೊಂದರಿಂದಲೇ ಒಂದೂವರೆ ಅಡಿ ಇಳಿಯುತ್ತದೆ. ನೆಲಕ್ಕೆ ಇಂಗುವ ನೀರಿನ ಲೆಕ್ಕ ಬೇರೆ.

ಆವಿಯ ಬೆಲೆ

ನೀರು ಕುದಿದರೆ ಆವಿಯಾಗುವುದು ಎಲ್ಲರಿಗೂ ಗೊತ್ತು. ಕುದಿಯದ ಕೆರೆಯ ನೀರು ಆವಿಯಾಗುವುದು ಹೇಗೆ?

ನೀರಿನ ಅಣುಗಳು ಸದಾ ಚಲಿಸುತ್ತಿರುತ್ತವೆ. ಆದರೆ ಎಲ್ಲವೂ ಒಂದೇ ವೇಗದಲ್ಲಿ ಅಲ್ಲ. ಜಾತ್ರೆಯ ಜನಜಂಗುಳಿಯಲ್ಲಿ ಕೆಲವರು ಮೆಲ್ಲಗೆ ನಡೆಯುತ್ತಾರೆ, ಕೆಲವರು ನುಗ್ಗಿ ಓಡುತ್ತಾರೆ. ಹಾಗೆಯೇ ಮೇಲ್ಮೈಯ ಬಳಿ ಇರುವ ಅಣುಗಳಲ್ಲಿ ಅತಿ ವೇಗವುಳ್ಳವು ನೆರೆಯ ಅಣುಗಳ ಆಕರ್ಷಣೆಯನ್ನು ಹರಿದುಕೊಂಡು ಗಾಳಿಗೆ ಜಿಗಿಯುತ್ತವೆ. ವೇಗವುಳ್ಳವು ಹೊರಟುಹೋದರೆ ಉಳಿದವುಗಳ ಸರಾಸರಿ ವೇಗ ಕಡಿಮೆಯಾಗುತ್ತದೆ. ಅಣುಗಳ ಸರಾಸರಿ ವೇಗ ಕಡಿಮೆಯಾಯಿತೆಂದರೆ ಉಷ್ಣತೆ ಇಳಿಯಿತೆಂದೇ ಅರ್ಥ. ಆದುದರಿಂದ ಆವಿಯಾಗುವ ನೀರು ಉಳಿದ ನೀರನ್ನು ತಣಿಸಿಯೇ ಹೋಗುತ್ತದೆ.

ಹೀಗೆ ಆವಿ ತನ್ನೊಡನೆ ಒಯ್ಯುವ ಉಷ್ಣವನ್ನು ಗುಪ್ತೋಷ್ಣವೆಂದು ಕರೆಯುತ್ತಾರೆ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವಿಜ್ಞಾನಿ ೧೭೬೦ರ ದಶಕದಲ್ಲಿ ಇದನ್ನು ಅಳೆದು ತೋರಿಸಿದನು. ಒಂದು ಗ್ರಾಂ ನೀರನ್ನು ೩೦ ಡಿಗ್ರಿ ಸೆಲ್ಸಿಯಸ್ಸಿನಿಂದ ಕುದಿಯುವ ಮಟ್ಟಕ್ಕೆ ಏರಿಸಲು ೭೦ ಕ್ಯಾಲೊರಿ ಸಾಕು. ಆದರೆ ಅದೇ ಒಂದು ಗ್ರಾಂ ನೀರನ್ನು ೩೦ ಡಿಗ್ರಿಯಲ್ಲಿಯೇ ಆವಿಯಾಗಿಸಲು ಸುಮಾರು ೫೮೦ ಕ್ಯಾಲೊರಿ ಬೇಕು. ಎಂಟು ಪಟ್ಟಿಗೂ ಮಿಕ್ಕ ಬೆಲೆ!

ಈ ಬೆಲೆಯನ್ನು ತೆರುವವನು ಸೂರ್ಯ. ನಮ್ಮ ಕೆರೆಯ ಒಂದೊಂದು ಚದರ ಮೀಟರಿನಿಂದ ದಿನಕ್ಕೆ ಐದು ಲೀಟರು ನೀರನ್ನು ಎಬ್ಬಿಸಲು ಬೇಕಾಗುವ ಶಕ್ತಿ, ವಿದ್ಯುತ್ತಿನ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು ೩.೪ ಯೂನಿಟ್. ಇಡೀ ಕೆರೆಗೆ ದಿನಕ್ಕೆ ಹದಿಮೂರು ಲಕ್ಷ ಯೂನಿಟ್ಟುಗಳಿಗಿಂತ ಹೆಚ್ಚು. ನಮ್ಮ ನಾಡಿನ ಏಪ್ರಿಲ್ ತಿಂಗಳ ನಿರ್ಮಲವಾದ ಆಕಾಶದಿಂದ ಒಂದು ಚದರ ಮೀಟರು ನೆಲಕ್ಕೆ ಒಂದು ದಿನದಲ್ಲಿ ಬೀಳುವ ಸೂರ್ಯಶಕ್ತಿ ಆರು ಯೂನಿಟ್ಟುಗಳಿಗೂ ಸ್ವಲ್ಪ ಮಿಕ್ಕಿರುತ್ತದೆ. ಅದರ ಅರ್ಧದಷ್ಟು ನೀರನ್ನು ಮೇಲೆತ್ತುವುದಕ್ಕೇ ಖರ್ಚಾಗುತ್ತದೆಂದಾಯಿತು. ಕೆರೆಯ ದಂಡೆ ತಂಪಾಗಿರುವುದು ಏಕೆಂಬ ಗುಟ್ಟು ಇದರಲ್ಲಿ ಅಡಗಿದೆ. ಬಯಲಿನಲ್ಲಿ ನೆಲವನ್ನು ಸುಡುವ ಬಿಸಿಲೇ ಕೆರೆಯಲ್ಲಿ ನೀರನ್ನು ಎತ್ತುವ ಕೂಲಿಯಾಗಿ ದುಡಿಯುತ್ತದೆ.

ತೋಟದಲ್ಲಿ ಆಗುವ ನಷ್ಟ

ಈಗ ತೋಟಕ್ಕೆ ಬರೋಣ. ಅಕ್ಕನ ತೋಟದ ಮಡಿ ಪಾತಿಗಳೆಲ್ಲ ಸೇರಿ ಸುಮಾರು ೬೦ ಚದರ ಮೀಟರು. ದಿನಕ್ಕೆ ಇಪ್ಪತ್ತು ಕೊಡ ನೀರು ಹಾಕುವುದು ಅವಳ ರೂಢಿ. ಕೊಡವೊಂದಕ್ಕೆ ೧೫ ಲೀಟರಿನಂತೆ ೩೦೦ ಲೀಟರು. ಇದನ್ನು ೬೦ ಚದರ ಮೀಟರಿಗೆ ಹಂಚಿದರೆ ೫ ಮಿಲಿಮೀಟರು ಬರುತ್ತದೆ. ಕೆರೆ ಕಳೆದುಕೊಳ್ಳುವುದೂ ಅಷ್ಟೇ! ಯಾವ ಪುಸ್ತಕವನ್ನೂ ನೋಡದೆ, ಗಿಡಗಳ ಮುಖವನ್ನು ಮಾತ್ರ ನೋಡಿ, ಅಕ್ಕ ಆ ಬಿಸಿಲಿಗೆ ತಕ್ಕ ಪ್ರಮಾಣವನ್ನು ಕಂಡುಕೊಂಡಿದ್ದಳು. ಆದರೆ ಏಪ್ರಿಲ್ ನಡುವಿನ ಹೊತ್ತಿಗೆ ಕೊಳವೆ ಬಾವಿ ಕೊಡುತ್ತಿದ್ದ ನೀರಿನಲ್ಲಿ ತೋಟಕ್ಕೆ ಉಳಿಯುತ್ತಿದ್ದುದು ಹತ್ತೇ ಕೊಡ. ಅರ್ಧ ತೋಟವನ್ನು ಬಿಟ್ಟುಬಿಡಬೇಕೆಂದು ಭಾವನವರು ಹೇಳಿದರು. ಬಿಡುವುದಕ್ಕೆ ಮುಂಚೆ, ಹಾಕಿದ ನೀರು ಯಾವ ಯಾವ ದಾರಿಯಲ್ಲಿ ಹೋಗುತ್ತಿದೆಯೆಂದು ನೋಡಬೇಕಷ್ಟೆ?

ದಾರಿಗಳು ಮುಖ್ಯವಾಗಿ ಎರಡು. ಒಂದು, ಎಲೆಯ ದಾರಿ. ಗಿಡದ ಬೇರು ಹೀರಿದ ನೀರಿನಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತಲೂ ಹೆಚ್ಚು ಭಾಗ ಎಲೆಗಳ ಸಣ್ಣ ರಂಧ್ರಗಳ ಮೂಲಕ ಆವಿಯಾಗಿ ಹೊರಬೀಳುತ್ತದೆ. ಇದನ್ನು ಪೂರ್ತಿ ದುಂದೆಂದು ಭಾವಿಸಬಾರದು. ಇಂಗಾಲದ ಡೈ ಆಕ್ಸೈಡ್ ಒಳಗೆ ಬರಬೇಕಾದರೆ ಪತ್ರರಂಧ್ರಗಳು ತೆರೆದಿರಲೇಬೇಕು. ಬಾಗಿಲು ತೆರೆದಾಗ ನೀರು ಹೊರಗೆ ಹೋಗುತ್ತದೆ. ಹಾಗೆ ಹೋಗುವಾಗ ಎಲೆಯನ್ನು ತಂಪಾಗಿಯೂ ಇಡುತ್ತದೆ. ನಡುಹಗಲಿನಲ್ಲಿ ಬೇರು ತರುವುದಕ್ಕಿಂತ ಹೆಚ್ಚು ನೀರನ್ನು ಎಲೆ ಕಳೆದುಕೊಂಡರೆ ಗಿಡ ಬಾಡುತ್ತದೆ. ಸಂಜೆ ತಾನಾಗಿ ಚೇತರಿಸಿಕೊಂಡರೆ ಭಯವಿಲ್ಲ. ಬೆಳಗಿನ ಜಾವದಲ್ಲಿಯೂ ಬಾಡಿಯೇ ಇದ್ದರೆ ನೆಲದಲ್ಲಿ ನೀರು ನಿಜವಾಗಿಯೂ ಸಾಲದೆಂದು ತಿಳಿಯಬೇಕು. ಇದು ತಿಳಿಯದೆ, ಮಧ್ಯಾಹ್ನ ಬಾಡಿದುದನ್ನು ಕಂಡು ಕೊಡ ಹೊತ್ತು ಓಡುತ್ತಿದ್ದವನು ನಾನು, ತಡೆದವಳು ಅಕ್ಕ.

ಬಿಸಿಲಿನಲ್ಲಿ ನೀರು ಚಿಮುಕಿಸಿದರೆ ಹನಿಗಳು ಭೂತಕನ್ನಡಿಯಂತೆ ಎಲೆಯನ್ನು ಸುಡುತ್ತವೆ ಎಂಬ ಮಾತೂ ಇದೆ. ೨೦೧೦ರಲ್ಲಿ ಹಂಗೆರಿಯ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದರು. ನಯವಾದ ಎಲೆಯ ಮೇಲೆ ಕುಳಿತ ಹನಿ ಕಿರಣಗಳನ್ನು ಒಟ್ಟುಗೂಡಿಸುವ ಬಿಂದು ಎಲೆಗಿಂತ ಬಹಳ ಕೆಳಗೆ ಬೀಳುವುದರಿಂದ ಎಲೆ ಸುಡಲಿಲ್ಲ. ಹನಿಯನ್ನು ಎತ್ತಿಹಿಡಿಯುವ ರೋಮಗಳುಳ್ಳ ಎಲೆಗಳಲ್ಲಿ ಮಾತ್ರ ಹಾಗಾಗಬಹುದೆಂದು ಕಂಡುಬಂದಿತು. ಬಿಸಿಲಿನಲ್ಲಿ ನೀರು ಹಾಕಬಾರದೆಂಬುದಕ್ಕೆ ನಿಜವಾದ ಕಾರಣ ಬೇರೆ: ಬೇರನ್ನು ಮುಟ್ಟುವ ಮೊದಲೇ ಬಹು ಭಾಗ ಆವಿಯಾಗುತ್ತದೆ.

ಇನ್ನೊಂದು ಮಣ್ಣಿನ ದಾರಿ. ಮಣ್ಣಿನ ಕಣಗಳ ನಡುವೆ ಕೂದಲಿಗಿಂತಲೂ ಸಣ್ಣದಾದ ಸಂದುಗಳಿವೆ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಅವು ನೀರನ್ನು ಮೇಲಕ್ಕೆ ಎಳೆಯುತ್ತವೆ. ಇದಕ್ಕೆ ಕೇಶಾಕರ್ಷಣ ಎಂದು ಹೆಸರು. ಹತ್ತನೆಯ ಒಂದು ಮಿಲಿಮೀಟರು ತ್ರಿಜ್ಯದ ಗಾಜಿನ ನಳಿಕೆಯಲ್ಲಿ ನೀರು ಸುಮಾರು ೧೫ ಸೆಂಟಿಮೀಟರು ಏರುತ್ತದೆ. ನಳಿಕೆ ಇದರ ಹತ್ತರಲ್ಲೊಂದರಷ್ಟು ಸಣ್ಣದಾದರೆ ಹತ್ತು ಪಟ್ಟು ಎತ್ತರಕ್ಕೆ ಏರಬಲ್ಲುದು. ಒತ್ತಾಗಿ ಕುಳಿತ ಮಣ್ಣಿನಲ್ಲಿ ಹೀಗೆಯೇ ಕೆಳಗಿನ ನೀರು ಮೇಲಕ್ಕೆ ಬಂದು ಬಿಸಿಲಿಗೆ ಒಪ್ಪಿಸಿಕೊಳ್ಳುತ್ತದೆ. ಬೇಸಗೆಯ ಮಧ್ಯಾಹ್ನ ಬರಿನೆಲದ ಮೇಲ್ಮೈ ೫೦ ಡಿಗ್ರಿಗಿಂತ ಹೆಚ್ಚು ಕಾಯುವುದುಂಟು. ಆ ಮೇಲ್ಪದರವನ್ನು ಸಡಿಲವಾಗಿ ಕೆದಕಿದರೆ ಸಣ್ಣ ಸಂದುಗಳು ಮುರಿದು ದೊಡ್ಡ ತೆರಪುಗಳಾಗುತ್ತವೆ. ಬತ್ತಿ ಕತ್ತರಿಸಿದಂತಾಗಿ ನೀರು ಕೆಳಗೇ ನಿಲ್ಲುತ್ತದೆ. ಅದರ ಮೇಲೆ ಒಣಗಿದ ತರಗೆಲೆ, ತೆಂಗಿನ ನಾರು ಮುಂತಾದುವನ್ನು ಹರಡಿದರೆ ಬಿಸಿಲೂ ತಗಲುವುದಿಲ್ಲ, ಗಾಳಿಯೂ ಆಡುವುದಿಲ್ಲ.

ಹುಡುಗಿ ಇದನ್ನು ನಂಬದೆ ಪರೀಕ್ಷಿಸಿದಳು. ಒಂದೇ ಅಳತೆಯ ಎರಡು ಡಬ್ಬಿಗಳಲ್ಲಿ ಒಂದೇ ತೂಕದ ಹಸಿಮಣ್ಣನ್ನು ತುಂಬಿ, ಒಂದನ್ನು ತೆರೆದಿಟ್ಟು, ಇನ್ನೊಂದಕ್ಕೆ ನಾಲ್ಕು ಬೆರಳು ತರಗೆಲೆ ಹೊದಿಸಿ ಬಿಸಿಲಿನಲ್ಲಿ ಇಟ್ಟಳು. ಮೂರು ದಿನಗಳ ಮೇಲೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದಾಗ, ತೆರೆದಿಟ್ಟ ಡಬ್ಬಿ ಹೊದಿಸಿದುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ನೀರನ್ನು ಕಳೆದುಕೊಂಡಿತ್ತು. ಅಂದು ಸಂಜೆಯೇ ತೋಟಕ್ಕೆಲ್ಲ ಹೊದಿಕೆ ಹಾಕುವ ಕೆಲಸ ಆರಂಭವಾಯಿತು.

ತೆಂಗಿನ ಸಸಿಗಳಿಗೆ ಭಾವನವರು ಇನ್ನೊಂದು ಉಪಾಯ ಮಾಡಿದರು. ಸಸಿಯ ಪಕ್ಕದಲ್ಲಿ ಹಳೆಯ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂಳಿ, ನೀರು ತುಂಬಿ, ಬಾಯಿ ಮುಚ್ಚಿದರು. ಸುತ್ತಲಿನ ಮಣ್ಣು ಒಣಗಿದಂತೆಲ್ಲ ಮಡಕೆಯ ಸೂಕ್ಷ್ಮ ರಂಧ್ರಗಳಿಂದ ನೀರು ಒಸರುತ್ತದೆ. ಮಣ್ಣು ಹಸಿಯಾದರೆ ಒಸರುವುದು ತಗ್ಗುತ್ತದೆ. ನೀರು ಕೇಳಿದಷ್ಟೇ, ಕೇಳಿದ ಕಡೆಯಲ್ಲಿಯೇ ದೊರೆಯುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಚೀನಾ ದೇಶದ ಕೃಷಿಗ್ರಂಥವೊಂದರಲ್ಲಿಯೂ ಈ ಕ್ರಮ ಹೇಳಿದೆ.

ಕೆರೆಗೆ ಹೊದಿಕೆಯುಂಟೆ?

ತೋಟಕ್ಕೆ ಹೊದಿಕೆ ಹಾಕಿದುದನ್ನು ಕಂಡು ಹುಡುಗ, “ಕೆರೆಗೂ ಹಾಕೋಣ ಮಾವ” ಎಂದನು. ಎಲ್ಲರೂ ನಕ್ಕರು. ಆದರೆ ಇದು ನಗುವ ಮಾತಲ್ಲ. ದೊಡ್ಡ ವಿಜ್ಞಾನಿಗಳು ಇದನ್ನು ಯೋಚಿಸಿದ್ದಾರೆ.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಬಳಿಯ ಕ್ಲಾಪಮ್ ಎಂಬಲ್ಲಿನ ಕೊಳದ ಮೇಲೆ ಒಂದು ಟೀ ಚಮಚಕ್ಕೆ ಮೀರದಷ್ಟು ಎಣ್ಣೆಯನ್ನು ಸುರಿದನು. ಅದು ಹರಡುತ್ತ ಹೋಗಿ ಅರ್ಧ ಎಕರೆಯಷ್ಟು ನೀರಿನ ಅಲೆಗಳನ್ನು ಅಡಗಿಸಿತೆಂದು ೧೭೭೪ರಲ್ಲಿ ಪ್ರಕಟವಾದ ಲೇಖನದಲ್ಲಿ ಬರೆದನು. ಒಂದು ಚಮಚ ಎಣ್ಣೆಯನ್ನು ಅರ್ಧ ಎಕರೆಗೆ ಹಂಚಿ ನೋಡಿರಿ: ಪೊರೆಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಎರಡು ಮೂರು ಭಾಗ ಮಾತ್ರ. ಅದು ಸರಿಸುಮಾರು ಒಂದು ಅಣುವಿನ ಉದ್ದ. ತನಗೆ ತಿಳಿಯದೆಯೇ ಫ್ರಾಂಕ್ಲಿನ್ ಅಣುವಿನ ಅಳತೆಯ ಹತ್ತಿರಕ್ಕೆ ಬಂದಿದ್ದನು!

ಅಡಿಗೆಯ ಎಣ್ಣೆಯ ಪೊರೆ ಆವಿಯನ್ನು ತಡೆಯಲಾರದು. ಅದರ ಅಣುಗಳು ಒತ್ತೊತ್ತಾಗಿ ನಿಲ್ಲುವುದಿಲ್ಲ. ಸೀಟೈಲ್ ಆಲ್ಕೊಹಾಲ್ ಎಂಬ ಮೇಣದಂಥ ಪದಾರ್ಥದ ಅಣುಗಳು ಮಾತ್ರ ನೆಟ್ಟ ಕಂಬಗಳಂತೆ ಒತ್ತಾಗಿ ನಿಂತು ನೀರಿನ ಅಣುಗಳ ದಾರಿಯನ್ನು ಕಟ್ಟುತ್ತವೆ. ೧೯೫೦ರ ದಶಕದಲ್ಲಿ ಆಸ್ಟ್ರೇಲಿಯದ ಜಲಾಶಯಗಳಲ್ಲಿ ಇದನ್ನು ಪ್ರಯೋಗಿಸಿ ನೋಡಿದರು. ಆದರೆ ಗಾಳಿ ಎದ್ದರೆ ಪೊರೆ ಹರಿದು ದಡಕ್ಕೆ ಸೇರುತ್ತದೆ. ಇದೇ ಅದರ ಮುಖ್ಯ ದೋಷ. ೨೦೧೨ರಲ್ಲಿ ಗುಜರಾತಿನ ಮೆಹ್ಸಾನಾ ಜಿಲ್ಲೆಯಲ್ಲಿ ನರ್ಮದಾ ಕಾಲುವೆಯೊಂದರ ಮೇಲೆ ಸೌರಫಲಕಗಳನ್ನು ಚಾವಣಿಯಂತೆ ಹೊದಿಸಿದರು. ವಿದ್ಯುತ್ತೂ ದೊರೆಯಿತು, ನೀರಿಗೆ ನೆರಳೂ ಆಯಿತು. ನೂರು ಎಕರೆಯ ಕೆರೆಗೆ ಮಾತ್ರ ಎಲ್ಲಕ್ಕಿಂತ ಸುಲಭವಾದ ಉಪಾಯ ಹೂಳು ತೆಗೆಯುವುದೇ. ಅಷ್ಟೇ ನೀರು ಅಗಲ ಕಡಿಮೆಯಾಗಿ ಆಳವಾಗಿ ನಿಂತರೆ ಬಿಸಿಲಿಗೆ ಒಡ್ಡಿಕೊಳ್ಳುವ ಮೈ ಕಡಿಮೆಯಾಗುತ್ತದೆ, ನಷ್ಟವೂ ಕಡಿಮೆಯಾಗುತ್ತದೆ. ಕೆರೆಯ ಹೂಳೆತ್ತುವುದನ್ನು ನಮ್ಮ ಹಿರಿಯರು ಪುಣ್ಯಕಾರ್ಯವೆಂದು ಎಣಿಸಿದುದರಲ್ಲಿ ಈ ಲಾಭವೂ ಸೇರಿತ್ತು.

ಏರಿಯ ಮೇಲಿನ ತಂಪು

ಸಂಜೆ ನಾಲ್ಕೂವರೆಯ ಹೊತ್ತಿಗೆ ಕೆರೆಯಂಗಳದ ಮರಳಿನ ಮೇಲೆ ಬರಿಗಾಲಿನಲ್ಲಿ ನಡೆಯಲಾಗುವುದಿಲ್ಲ. ಎರಡು ಹೆಜ್ಜೆ ಮುಂದೆ ನೀರು ಮಾತ್ರ ತಣ್ಣಗಿರುತ್ತದೆ. ಎರಡಕ್ಕೂ ಬಿದ್ದ ಬಿಸಿಲು ಒಂದೇ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸುವ ಉಷ್ಣ ಒಂದು ಗ್ರಾಂ ಒಣಮರಳನ್ನು ಸುಮಾರು ಐದು ಡಿಗ್ರಿ ಏರಿಸುತ್ತದೆ. ಅಲ್ಲದೆ ಮರಳಿನಲ್ಲಿ ಬಿಸಿಲು ಮೇಲಿನ ಪದರದಲ್ಲಿಯೇ ನಿಲ್ಲುತ್ತದೆ. ನೀರಿನಲ್ಲಿ ಕೆಳಕ್ಕೂ ಇಳಿದು ಹಂಚಿಹೋಗುತ್ತದೆ. ಇದರ ಜೊತೆಗೆ ಆವಿಯ ಖರ್ಚು ಬೇರೆ ಇದ್ದೇ ಇದೆ. ರಾತ್ರಿಯಲ್ಲಿ ಇದೇ ಕಾರಣಕ್ಕೆ ಮರಳು ಬೇಗ ಆರುತ್ತದೆ, ನೀರು ಬೆಚ್ಚಗೆ ಉಳಿಯುತ್ತದೆ.

ಕೆರೆಯಲ್ಲಿ ಮುಳುಗಿ ಎದ್ದ ಹುಡುಗ ಆ ಬಿಸಿಗಾಳಿಯಲ್ಲಿಯೂ ಹಲ್ಲು ಕಡಿಯುತ್ತ ನಡುಗುತ್ತಿದ್ದನು. ಮೈಮೇಲಿನ ನೀರು ಆವಿಯಾಗಲು ಬೇಕಾದ ಉಷ್ಣವನ್ನು ಅವನ ಮೈಯಿಂದಲೇ ಕೀಳುತ್ತಿತ್ತು. ಈ ತಂಪನ್ನು ಅಳೆಯುವುದು ಸುಲಭ. ಎರಡು ಉಷ್ಣತಾಮಾಪಕಗಳನ್ನು ತೆಗೆದುಕೊಂಡು ಒಂದರ ಬುರುಡೆಗೆ ಒದ್ದೆಬಟ್ಟೆ ಸುತ್ತಿ, ಎರಡನ್ನೂ ನೆರಳಿನಲ್ಲಿ ಗಾಳಿಗೆ ಹಿಡಿಯಬೇಕು. ಅಂದು ಒಣಬುರುಡೆ ೩೫ ಡಿಗ್ರಿ ತೋರಿಸಿದರೆ ಒದ್ದೆಬುರುಡೆ ೨೨ ಡಿಗ್ರಿಗೆ ಇಳಿದಿತ್ತು. ಗಾಳಿ ಒಣಗಿದಷ್ಟೂ ಈ ಅಂತರ ಹೆಚ್ಚು. ಮಳೆಗಾಲದಲ್ಲಿ ಬಹಳ ಕಡಿಮೆ. ಹಜಾರದ ಮೂಲೆಯಲ್ಲಿ ಮರಳಿನ ಮೇಲೆ ಕೂರಿಸಿದ ಮಣ್ಣಿನ ಹೂಜಿ ಬಯಲುಸೀಮೆಯಲ್ಲಿ ಚೆನ್ನಾಗಿ ತಣಿಯುವುದೂ ಕರಾವಳಿಯಲ್ಲಿ ಅಷ್ಟಾಗಿ ತಣಿಯದಿರುವುದೂ ಇದರಿಂದಲೇ.

ಮೆಟ್ಟಿಲಿನ ಮೋಸ

ಇನ್ನು ಹೇಳಬೇಕಾದುದು ಆ ರಜೆಯಲ್ಲಿ ನಾವು ಎಂದಿಗೂ ಮರೆಯಲಾರದ ಸಂಗತಿ.

ತೂಬಿನ ಬಳಿ ಕೆರೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳಿವೆ. ಗಾಳಿಯಿಲ್ಲದ ಒಂದು ಸಂಜೆ ಅಲ್ಲಿ ನೀರು ತಿಳಿಯಾಗಿ ನಿಂತಿತ್ತು. ಕೆಳಗಿನ ಮೆಟ್ಟಿಲು ನಿಚ್ಚಳವಾಗಿ ಕಾಣುತ್ತಿತ್ತು. ಹುಡುಗ ಅದನ್ನು ದಡದಿಂದ ನೋಡಿ, “ಮೊಳಕಾಲುದ್ದ ಅಷ್ಟೆ” ಎನ್ನುತ್ತ ಜಿಗಿದುಬಿಟ್ಟನು. ನೀರು ಅವನ ಸೊಂಟವನ್ನು ಮುಟ್ಟಿತು. ಎಣಿಸಿದಲ್ಲಿ ನೆಲ ಸಿಗದೆ ಅವನು ಮುಗ್ಗರಿಸಿ ಒಂದು ಹೆಜ್ಜೆ ಮುಂದಕ್ಕೆ ಇಟ್ಟನು. ಅಲ್ಲಿ ಮೆಟ್ಟಿಲಿರಲಿಲ್ಲ, ಯಾರೋ ಹಿಂದೆ ಗೋಡುಮಣ್ಣು ತೆಗೆದ ಗುಂಡಿಯಿತ್ತು. ತಲೆ ನೀರಿನೊಳಗೆ ಹೋಯಿತು. ಕೂದಲೆಳೆಯಷ್ಟು ಹೊತ್ತಿನಲ್ಲಿ ಭಾವನವರು ಅವನ ರಟ್ಟೆ ಹಿಡಿದು ಎಳೆದುಕೊಂಡರು. ಅವರು ಎರಡು ಮಾರು ದೂರದಲ್ಲಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಈಗಲೂ ನೆನೆಯಲಾರೆ.

ಹುಡುಗನ ಕಣ್ಣು ಸುಳ್ಳು ಹೇಳಿತೆ? ಇಲ್ಲ; ಬೆಳಕಿನ ನಿಯಮವನ್ನು ಅವನು ಅರಿತಿರಲಿಲ್ಲ. ನೀರಿನಿಂದ ಗಾಳಿಗೆ ಬರುವ ಕಿರಣ ಮೇಲ್ಮೈಯಲ್ಲಿ ಬಾಗುತ್ತದೆ. ಇದು ವಕ್ರೀಭವನ. ಇದರ ನಿಯಮವನ್ನು ಹಾಲೆಂಡಿನ ಸ್ನೆಲ್ ೧೬೨೧ರಲ್ಲಿ ಕಂಡುಕೊಂಡನು. ಆದರೆ ಕಿರಣ ನೆಟ್ಟಗೆ ಬಂದಿತೆಂದೇ ನಮ್ಮ ಕಣ್ಣು ಭಾವಿಸುತ್ತದೆ. ಆದುದರಿಂದ ತಳ ಇರುವುದಕ್ಕಿಂತ ಮೇಲೆ ಎದ್ದಂತೆ ಕಾಣುತ್ತದೆ. ನೇರವಾಗಿ ಮೇಲಿನಿಂದ ನೋಡಿದರೆ ನಿಜವಾದ ಆಳದ ಮುಕ್ಕಾಲು ಪಾಲು ಮಾತ್ರ ತೋರುತ್ತದೆ: ಎಂಟಡಿಯ ನೀರು ಆರಡಿಯಂತೆ ಕಾಣುತ್ತದೆ. ದಡದಲ್ಲಿ ನಿಂತು ಓರೆಯಾಗಿ ನೋಡಿದರೆ ಮೋಸ ಇನ್ನೂ ಹೆಚ್ಚು. ದೃಷ್ಟಿಯ ರೇಖೆ ನೀರಿನ ಮೇಲ್ಮೈಗೆ ೩೦ ಡಿಗ್ರಿ ಕೋನದಲ್ಲಿದ್ದರೆ ಆಳ ಸುಮಾರು ಅರ್ಧದಷ್ಟೇ ಕಾಣುತ್ತದೆ. ಮಾರನೆಯ ದಿನ ಕೋಲಿನಿಂದ ಅಳೆದೆವು: ಆ ಮೆಟ್ಟಿಲಿನ ಮೇಲೆ ನೀರು ೮೦ ಸೆಂಟಿಮೀಟರು ಇತ್ತು. ಅರ್ಧವೆಂದರೆ ೪೦ ಸೆಂಟಿಮೀಟರು. ಅವನ ಮೊಳಕಾಲಿನ ಅಳತೆ!

ಆ ರಾತ್ರಿ ಊಟವಾದ ಮೇಲೆ ಒಂದು ಬಟ್ಟಲಿನ ತಳದಲ್ಲಿ ನಾಣ್ಯವಿಟ್ಟು, ಅಂಚು ಅಡ್ಡಬಂದು ನಾಣ್ಯ ಮರೆಯಾಗುವಷ್ಟು ಹಿಂದಕ್ಕೆ ಹುಡುಗನನ್ನು ಕೂರಿಸಿದೆನು. ಬಳಿಕ ಮೆಲ್ಲಗೆ ನೀರು ಹೊಯ್ದೆನು. ನಾಣ್ಯ ತಾನಾಗಿ ಎದ್ದುಬಂದಂತೆ ಕಣ್ಣಿಗೆ ಬಿತ್ತು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿಯೇ ಟಾಲೆಮಿ ವರ್ಣಿಸಿದ ಪ್ರಯೋಗವಿದು. ಹುಡುಗ ಬಹಳ ಹೊತ್ತು ಬಟ್ಟಲನ್ನೇ ನೋಡುತ್ತ ಕುಳಿತನು. “ಹಾಗಾದರೆ ನೀರನ್ನು ನೋಡಿ ನಂಬಲೇಬಾರದೆ ಮಾವ?” ಎಂದನು. “ಅಳೆದು ನಂಬಬೇಕಪ್ಪ” ಎಂದೆನು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೧ರಲ್ಲಿ ಪ್ರಪಂಚದಲ್ಲಿ ಸುಮಾರು ೩ ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ನಮ್ಮ ಕೆರೆಕಟ್ಟೆಗಳಲ್ಲಿ ರಜೆಯ ದಿನಗಳಲ್ಲಿಯೇ ಎಷ್ಟೋ ಮನೆಗಳ ಮಕ್ಕಳು ಹೋಗುವುದನ್ನು ಪ್ರತಿ ಬೇಸಗೆಯಲ್ಲಿಯೂ ಪತ್ರಿಕೆಗಳಲ್ಲಿ ಓದುತ್ತೇವೆ. ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ನನ್ನ ಬೇಡಿಕೆ ಇಷ್ಟೆ: ತಿಳಿನೀರು ಕಂಡಾಗ, ಕಂಡ ಆಳಕ್ಕಿಂತ ನಿಜವಾದ ಆಳ ಇಮ್ಮಡಿಯೂ ಇರಬಹುದೆಂದು ಎಣಿಸಿರಿ. ಕದಡಿದ ನೀರಿನಲ್ಲಿ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಕೋಲಿನಿಂದ ನೋಡದೆ, ಈಜು ಬಲ್ಲ ದೊಡ್ಡವರು ಬಳಿಯಿಲ್ಲದೆ ಇಳಿಯಬೇಡಿರಿ.

ಲೆಕ್ಕದ ಕೊನೆ

ಮೇ ತಿಂಗಳ ಮೊದಲ ವಾರದ ಒಂದು ಸಂಜೆ ಗುಡುಗಿನೊಡನೆ ಭರಣಿಯ ಮಳೆ ಬಂದಿತು. ಅಂಗಳದ ಪಾತ್ರೆಯಲ್ಲಿ ಒಂದೇ ರಾತ್ರಿ ನೀರು ೨೪ ಮಿಲಿಮೀಟರು ಏರಿತೆಂದು ಹುಡುಗಿ ಬರೆದುಕೊಂಡಳು. ಐದೈದು ಮಿಲಿಮೀಟರಾಗಿ ಕಾಣದೆ ಹೋದುದು ಎಲ್ಲಿಯೋ ಮೋಡವಾಗಿ ಒಂದು ದಿನ ಕಾಣುವಂತೆ ಹಿಂದಿರುಗುತ್ತದೆ. ಹೋಗುವಾಗ ಕೆರೆಯಿಂದ ಒಯ್ದ ಗುಪ್ತೋಷ್ಣವನ್ನು ಅದು ಮೋಡವಾಗುವಾಗ ಆಕಾಶದಲ್ಲಿ ಬಿಟ್ಟುಕೊಡುತ್ತದೆ. ಗುಡುಗು ಮೋಡವನ್ನು ಅಷ್ಟೆತ್ತರಕ್ಕೆ ಉಬ್ಬಿಸುವ ಬಲವೂ ಅದೇ.

ತೋಟದಲ್ಲಿ ಬೆಂಡೆಯ ಮಡಿಯನ್ನು ನಾವು ಉಳಿಸಿಕೊಳ್ಳಲಾಗಲಿಲ್ಲ. ಎರಡು ತೆಂಗಿನ ಸಸಿಗಳೂ ಒಣಗಿದುವು. ಆದರೆ ಮಲ್ಲಿಗೆ, ಕರಿಬೇವು, ಬದನೆಯ ಒಂದು ಸಾಲು ಮತ್ತು ಆರು ತೆಂಗಿನ ಸಸಿಗಳು ದಿನಕ್ಕೆ ಹತ್ತೇ ಕೊಡ ನೀರಿನಲ್ಲಿ ಬದುಕಿ ಮಳೆಯನ್ನು ಕಂಡುವು.

ನೀರು ಹೋಗುವಾಗ ಕಾಣಿಸದೆ ಹೋಗುತ್ತದೆ. ಇರುವಾಗ ಇದ್ದಂತೆ ಕಾಣಿಸುವುದಿಲ್ಲ. ಈ ಎರಡು ಮಾತುಗಳನ್ನು ಆ ಹುಡುಗಿ ತನ್ನ ಅಳತೆಯ ಪುಸ್ತಕದ ಕೊನ��ಯ ಹಾಳೆಯಲ್ಲಿ ಬರೆದಿಟ್ಟಿದ್ದಾಳೆ. ತೂಬಿನ ಬಳಿಯ ಮೆಟ್ಟಿಲಿನಲ್ಲಿ ಭಾವನವರು ಈಗ ಅಡಿಗಳನ್ನು ಗುರುತಿಸಿದ ಬಿಳಿಯ ಬಣ್ಣದ ಗಳುವೊಂದನ್ನು ನೆಟ್ಟಿದ್ದಾರೆ. ಕೆರೆಗೆ ಬರುವ ಊರಿನ ಮಕ್ಕಳೆಲ್ಲ ಮೊದಲು ಅದನ್ನು ನೋಡಿಯೇ ನೀರಿಗೆ ಇಳಿಯುತ್ತಾರೆ.